ಮೇ ತಿಂಗಳ ಖಂಡೆ ಪೂಜೆ

ಬ್ಯಾಡಗಿಯ ಸಿದ್ದಲಿಂಗಪ್ಪ ಸಾಹುಕಾರರಿಗೆ ಎರಡು ಕೋಲ್ಡ್ ಸ್ಟೋರೇಜ್ ಇದ್ದವು. ಒಂದು ಮೋಟೆಬೆನ್ನೂರು ರಸ್ತೆಯ ಬದಿಗೆ, ಕಿಟಕಿಯೇ ಇಲ್ಲದ ದೊಡ್ಡ ಕಟ್ಟಡ; ಅದರ ತುಂಬ ಊರೂರಿನ ಮೆಣಸಿನಕಾಯಿ ಚೀಲ. ಇನ್ನೊಂದು ಮೃಣಾಲಿನಿಯ ಲ್ಯಾಪ್‌ಟಾಪಿನೊಳಗೆ. ಮೊದಲನೆಯದನ್ನು ಅವರು ಖರೇದ್ದು ಅನ್ನುತ್ತಿದ್ದರು, ಎರಡನೆಯದನ್ನು ಡುಪ್ಲಿಕೇಟು.

ಡುಪ್ಲಿಕೇಟಿನಲ್ಲೂ ಬಿಸಿಲು ಬೀಳುತ್ತಿತ್ತು. ಗೋಡೆ ಕಾಯುತ್ತಿತ್ತು, ಕಂಪ್ರೆಸರ್ ಓಡುತ್ತಿತ್ತು, ಬಾಗಿಲು ತೆರೆದು ಮುಚ್ಚುತ್ತಿತ್ತು. ಎಲ್ಲ ಲೆಕ್ಕದಲ್ಲಿ. ಇಡೀ ವರ್ಷ ಅಲ್ಲಿ ಒಂದು ಲೋಟ ಚಹಾ ಕುಡಿಯುವುದರೊಳಗೆ ಕಳೆದುಹೋಗುತ್ತಿತ್ತು. ಮಾಳಿಗೆಯ ಮೇಲೆ ಸೋಲಾರ್ ಹಾಕಿಸಿದರೆ ಏನಾದೀತು, ಮೋಡ ಕವಿದು ವಾರಗಟ್ಟಲೆ ಬಿಸಿಲೇ ಬೀಳದಿದ್ದರೆ ಏನಾದೀತು ಎಂದು ನೋಡಲು ಸಾಹುಕಾರರು ಅವಳನ್ನು ಕರೆಸಿದ್ದರು. ಖರೇದ್ದನ್ನು ಕೆಡಿಸಿ ನೋಡಲಾಗುವುದಿಲ್ಲ. ಡುಪ್ಲಿಕೇಟನ್ನು ದಿನಕ್ಕೆ ನೂರು ಸಲ ಕೆಡಿಸಬಹುದು. ಒಂದು ಕಾಯಿಯೂ ಹಾಳಾಗುವುದಿಲ್ಲ.

"ಇದಕ್ಕ ಮಾದರಿ ಅಂತಾರ್ರಿ ಸಾವ್ಕಾರ್ರ," ಎಂದು ಅವಳು ಮೊದಲ ದಿನ ಹೇಳಿದ್ದಳು.

"ಮಾದರಿ ಅಂದ್ರ ಏನಂತ ನಮಗ ಹೇಳ್ತೀರೇನ್ರಿ ಅಕ್ಕಾರ?" ಎಂದು ಸಿದ್ದಲಿಂಗಪ್ಪ ನಕ್ಕಿದ್ದರು. "ಚೀಲದಾಗಿಂದು ಒಂದು ಹಿಡಿ ತಗದು, ಚೀಲೆಲ್ಲಾ ಹೆಂಗೈತಿ ಅಂತ ಹೇಳೂದು ಮಾದರಿ. ನೀವು ಚೀಲನ ಇಲ್ಲದ ಹೇಳಾಕತ್ತೀರಿ!"

ಮೃಣಾಲಿನಿ ಹುಟ್ಟಿದ್ದು ಹಾವೇರಿಯಲ್ಲಿ, ಓದಿದ್ದು ಧಾರವಾಡದಲ್ಲಿ, ಸೊಸೆಯಾಗಿ ಬಂದದ್ದು ರಾಣೆಬೆನ್ನೂರಿಗೆ. ಗಂಡ ಸಮೀರ ಹೋದ ವರ್ಷದ ಮಳೆಗಾಲದಲ್ಲಿ ತೀರಿಕೊಂಡಿದ್ದ. ಈಗ ಆ ಮನೆಯಲ್ಲಿ ಅವಳು ಮತ್ತು ಅತ್ತೆ ಸುಲಭಾ. ಮೃಣಾಲಿನಿ ಅತ್ತಿರಲಿಲ್ಲ. ತಡೆದುಕೊಂಡಿದ್ದಳು ಅಂತಲ್ಲ, ಅಳು ಬರಲಿಲ್ಲ, ಅಷ್ಟೆ. ದಿನಾ ಬೆಳಿಗ್ಗೆ ಪ್ಯಾಸೆಂಜರ್ ಗಾಡಿ ಹತ್ತುತ್ತಿದ್ದಳು. ಬ್ಯಾಡಗಿ ಸಮೀಪಿಸುತ್ತಿದ್ದಂತೆ ಮೆಣಸಿನಕಾಯಿಯ ಘಾಟಿಗೆ ಬೋಗಿಗೆ ಬೋಗಿಯೇ ಸೀನುತ್ತಿತ್ತು. ಜನ ಸೆರಗು, ಟವೆಲು ಮೂಗಿಗೆ ಒತ್ತಿಕೊಳ್ಳುತ್ತಿದ್ದರು. ಅವಳು ಮಾತ್ರ ಕಿಟಕಿಗೆ ಮುಖ ಕೊಟ್ಟು ಸುಮ್ಮನೆ ಕೂತಿರುತ್ತಿದ್ದಳು. ಘಾಟು ಕೂಡ ಅವಳ ತನಕ ಬರುತ್ತಿರಲಿಲ್ಲ.

ಮೇ ತಿಂಗಳಲ್ಲಿ ಸುದ್ದಿ ಬಂತು. ಹೊಸ ಲೈನು ಎಳೆಯಲು ಮೋಟೆಬೆನ್ನೂರು ರಸ್ತೆಯ ಕರೆಂಟನ್ನು ರವಿವಾರ ಬೆಳಿಗ್ಗೆ ತೆಗೆದರೆ ಮತ್ತೆ ಕೊಡುವುದು ಮಂಗಳವಾರ ಸಂಜೆಗೆ. ಸಾಹುಕಾರರ ದೊಡ್ಡ ಜನರೇಟರ್ ಆಗಲೇ ಹೊಟ್ಟೆ ಬಿಚ್ಚಿಕೊಂಡು ಬಿದ್ದಿತ್ತು. ಅದರ ಸಾಮಾನು ಪುಣೆಯಿಂದ ಬರಬೇಕು. ಕಂಪ್ರೆಸರ್ ಎಳೆಯುವಂಥ ಜನರೇಟರ್ ಬಾಡಿಗೆಗೂ ಸಿಗಲಿಲ್ಲ. ಕಟ್ಟಡದಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಚೀಲ. ಹೊರಗೆ ಕಾಗೆ ಬಾಯಿ ಬಿಡುವ ಬಿಸಿಲು.

ಸಿದ್ದಲಿಂಗಪ್ಪ ಅಂದು ನಗಲಿಲ್ಲ. "ಅಕ್ಕಾರ, ತಗೀಲೋ, ಇಡಲೋ? ಶುಕ್ರವಾರದೊಳಗ ಹೇಳ್ರಿ. ತಗ್ಯೂದಂದ್ರ ಬ್ಯಾರೇ ಸ್ಟೋರೇಜ್ ಎಲ್ಲಾ ತುಂಬ್ಯಾವ, ಬಯಲಾಗ ತಾಡಪಾಲ ಹಾಸಿ ಇಡಬೇಕು. ತಂಪಿನ್ಯಾಗಿದ್ದ ಕಾಯಿ ಬಯಲಿಗೆ ಬಂದ್ರ ಬೆವರತೈತಿ. ಬೆವರಿದ ಕಾಯಿ ಕರ್ರಗಾಗತೈತಿ. ಒಳಗs ಇಟ್ರ..."

"ಒಳಗೇ ಬಿಸಿ ಆದ್ರನೂ ಅದೇ ಗತಿ," ಎಂದಳು ಮೃಣಾಲಿನಿ.

"ಹೌದ್ರಿ. ಸಾವಿರಾರು ಮಂದೀದು ವರ್ಷದ ದುಡಿಮಿ ಐತಿ. ನಮ್ಮಪ್ಪ ಕಟ್ಟಿದ ಹೆಸರೂ ಒಳಗ ಐತಿ."

ಅವಳು ಡುಪ್ಲಿಕೇಟಿನಲ್ಲಿ ಕರೆಂಟು ತೆಗೆದು ನೋಡಿದಳು. ತಾಪಮಾನದ ಗೆರೆ ಒಲೆಯ ಮೇಲಿಟ್ಟ ಹಾಲಿನ ಹಾಗೆ ಏರಿತು. ಸೋಮವಾರ ಮುಗಿಯುವುದರೊಳಗೆ ಒಳಗೂ ಹೊರಗೂ ಹೆಚ್ಚು ವ್ಯತ್ಯಾಸ ಉಳಿಯಲಿಲ್ಲ. ಮತ್ತೆ ನೋಡಿದಳು, ಅದೇ. ತೆಗೆಯಿರಿ ಎಂದು ಹೇಳುವುದೊಂದೇ ಬಾಕಿ. ಅವಳಿಗೆ ಭಯವಾಗಲಿಲ್ಲ, ದುಃಖವೂ ಆಗಲಿಲ್ಲ. ಲೆಕ್ಕ ಏನು ಹೇಳುತ್ತದೋ ಅದನ್ನು ಹೇಳಿದರಾಯಿತು ಎಂದು ಎದ್ದು ಸಾಹುಕಾರರನ್ನು ಹುಡುಕಿಕೊಂಡು ಹೊರಟಳು.

ಸಾಹುಕಾರರು ಮಷಿನ್ ಮನೆಯಲ್ಲಿ ಇರಲಿಲ್ಲ. ಅಲ್ಲಿ ಕಂಪ್ರೆಸರ್ ನೋಡಿಕೊಳ್ಳುವ ಕಾಸೀಮಸಾಬರು ಒಬ್ಬರೇ ಸ್ಟೂಲಿನ ಮೇಲೆ ಕೂತು ಎಣ್ಣೆ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಿದ್ದರು. ಎಲ್ಲಿ ಅವರು ಎಂದು ಕೇಳಬೇಕೆಂದವಳು ಬಾಯಿ ತೆರೆದು ಹಾಗೇ ನಿಂತಳು. ಕಂಪ್ರೆಸರಿನ ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಅರ್ಧ ಅಳಿಸಿದ್ದು. ಪೈಪಿಗೆ ಕಟ್ಟಿದ ಮಾವಿನೆಲೆ ಒಣಗಿ ಹಪ್ಪಳವಾಗಿತ್ತು.

ಡುಪ್ಲಿಕೇಟು ಕಟ್ಟಲು ಸಾಹುಕಾರರು ಕೊಟ್ಟ ಮೂರು ವರ್ಷದ ದಾಖಲೆಯಲ್ಲಿ ವರ್ಷಕ್ಕೊಂದು ದಿನ ಕಂಪ್ರೆಸರಿನ ಅಂಕಿ ಪೂರ್ತಿ ಸೊನ್ನೆ ಇದ್ದದ್ದು ಅವಳಿಗೆ ನೆನಪಾಯಿತು. ತಾರೀಕು ಪ್ರತಿ ವರ್ಷ ಬೇರೆ. ಮೀಟರು ಕೆಟ್ಟಿರಬೇಕೆಂದು ಆ ದಿನಗಳನ್ನು ಅವಳು ಕಿತ್ತು ಹಾಕಿದ್ದಳು. ತಾರೀಕು ನೋಡಿದ್ದಳೇ ಹೊರತು ತಿಥಿ ನೋಡಿರಲಿಲ್ಲ. ದಸರೆಯ ಆಯುಧ ಪೂಜೆ, ಈ ಕಡೆಯವರ ಖಂಡೆ ಪೂಜೆ, ಬರುವುದು ತಿಥಿಯ ಮೇಲೆ.

"ಕಾಸೀಮಸಾಬರ, ಖಂಡೆ ಪೂಜಿ ದಿನ ಮಷಿನ್ ಬಂದ್ ಇಡ್ತೀರೇನು?"

"ಮತ್ತ? ವರ್ಷಾನಗಟ್ಟಲೆ ದುಡೀತಾವ, ಒಂದಿನ ಸೂಟಿ ಬ್ಯಾಡೇನ್ರಿ ಅವಕ್ಕ? ನಾನ ಮೈ ತೊಳಸ್ತೇನಿ, ಸಾವ್ಕಾರ ಈಬತ್ತಿ ಹಚ್ತಾರ. ಮರುದಿನ ಬನ್ನಿ ಕೊಟ್ಟ ಮ್ಯಾಲೇ ಚಾಲೂ."

"ಬಾಗಿಲಾ?"

"ಬಾಗಿಲಕ್ಕೂ ಪೂಜಿ ಆಗಿರ್ತೈತಿ. ಯಾರ ಮುಟ್ಟತಾರ?"

"ಒಳಗ ಕಾಯಿ ಬಿಸಿ ಆಗಿರ್ತಿದ್ವೇನು?"

"ಅದನ್ನ ಯಾರ ನೋಡ್ಯಾರ್ರಿ ಅಕ್ಕಾರ? ಸಾವ್ಕಾರ್ರ ಮನ್ಯಾಗ ಹೋಳಗಿ ಉಂಡು ಮಕ್ಕೊಂಡಿರ್ತೇವಿ."

ಮೃಣಾಲಿನಿ ಆಫೀಸಿಗೆ ಓಡಿಬಂದಳು. ಕಿತ್ತುಹಾಕಿದ ದಿನಗಳನ್ನು ಹುಡುಕಿ ತಂದು ಮತ್ತೆ ಅವುಗಳ ಜಾಗದಲ್ಲಿ ಇಟ್ಟಳು. ಅಂದಿನ ತಾಪಮಾನ ನೋಡಿದಳು. ಯಂತ್ರ ನಿಂತು ಇಡೀ ಹಗಲು, ಇಡೀ ರಾತ್ರಿ ಕಳೆದರೂ ಒಳಗಿನ ತಂಪು ಒಂದು ಡಿಗ್ರಿಯಷ್ಟೂ ಕದಲಿರಲಿಲ್ಲ. ಮೂರೂ ವರ್ಷ ಅದೇ.

ಹಾಗಾದರೆ ಅವಳ ಡುಪ್ಲಿಕೇಟು ಸುಳ್ಳು ಹೇಳಿತ್ತು. ಎಲ್ಲಿ?

ಉಳಿದ ದಿನಗಳಲ್ಲಿ ಯಂತ್ರವೂ ಓಡುತ್ತಿತ್ತು, ಬಾಗಿಲೂ ತೆರೆಯುತ್ತಿತ್ತು. ದಲಾಲರು ಬರುವರು, ರೈತರು ಬರುವರು, ಹಮಾಲರು ಚೀಲ ಹೊತ್ತು ಒಳಗೆ ಹೊರಗೆ ಓಡಾಡುವರು. ಒಳಗೆ ಬರುತ್ತಿದ್ದ ಬಿಸಿಯಲ್ಲಿ ಬಾಗಿಲಿಗೆ ಒಂದಿಷ್ಟೇ ಕೊಟ್ಟು ಉಳಿದದ್ದನ್ನೆಲ್ಲ ಅವಳು ಗೋಡೆಯ ಲೆಕ್ಕಕ್ಕೆ ಬರೆದಿದ್ದಳು. ಗೋಡೆ ಪಾಪ, ಏನೂ ಮಾಡಿರಲಿಲ್ಲ. ಕಳ್ಳ ಬಾಗಿಲಲ್ಲಿದ್ದ. ಮತ್ತೆ ಕಾಯಿಯನ್ನು ಅವಳು ಬರೀ ಜಾಗ ಹಿಡಿಯುವ ಸಾಮಾನು ಎಂದುಕೊಂಡಿದ್ದಳು. ತಂಪು ಗಾಳಿಯಲ್ಲಿದೆ, ಗಾಳಿ ಹೋದರೆ ಹೋಯಿತು ಎಂದುಕೊಂಡಿದ್ದಳು. ತಂಪು ಇದ್ದದ್ದು ಕಾಯಿಯಲ್ಲಿ. ಚೀಲ ಚೀಲವೂ ವಾರಗಟ್ಟಲೆ ಕೂತು ನಿಧಾನವಾಗಿ ತಂಪು ಕುಡಿದಿತ್ತು. ಅದನ್ನು ಬಿಟ್ಟುಕೊಡುವುದೂ ಅಷ್ಟೇ ನಿಧಾನ.

ಎರಡು ತಪ್ಪು ತಿದ್ದಿ ಅವಳು ಮೂರು ವರ್ಷವನ್ನು ಮತ್ತೆ ಓಡಿಸಿದಳು. ಖರೇ ಕೋಲ್ಡ್ ಸ್ಟೋರೇಜಿನ ಗೆರೆ ನೀಲಿ, ಡುಪ್ಲಿಕೇಟಿನದು ಕೆಂಪು. ಕೆಂಪು ಗೆರೆ ನೀಲಿಯ ಮೇಲೆ ಬಂದು ಕೂತಿತು. ಬೇಸಿಗೆಯಲ್ಲಿ, ಮಳೆಯಲ್ಲಿ, ಶ್ರಾವಣದಲ್ಲಿ, ಎಲ್ಲಿಯೂ ಅದು ಇದನ್ನು ಬಿಟ್ಟು ಹೋಗಲಿಲ್ಲ. ಕತ್ತಲೆಯಲ್ಲಿ, ಯಾರೂ ನೋಡದಿದ್ದಾಗ, ಎಲ್ಲರೂ ಹೋಳಿಗೆ ಉಂಡು ಮಲಗಿದ್ದಾಗ ಆ ಗೋಡೆಗಳ ಒಳಗೆ ನಡೆದದ್ದು ಅವಳ ಮುಂದೆ ಇತ್ತು. ಅವಳು ಬೆರಳಿನಿಂದ ಆ ಗೆರೆಯನ್ನು ತುದಿಯಿಂದ ತುದಿಗೆ ಸವರಿದಳು.

ಹೋದ ವರ್ಷ ಸಮೀರನ ಬೈಕಿಗೆ ಖಂಡೆ ಪೂಜೆ ಆಗಲಿಲ್ಲ. ಬೈಕು ಈಗಲೂ ಮನೆಯ ಮೆಟ್ಟಿಲ ಕೆಳಗೆ ನಿಂತಿತ್ತು.

"ಇಡ್ರಿ," ಎಂದಳು ಸಿದ್ದಲಿಂಗಪ್ಪನವರಿಗೆ. "ಈಗಿಂದ ರವಿವಾರದ ತನಕ ಮಷಿನ್ ಪೂರಾ ಓಡಸಿ ಎಷ್ಟು ಆಗ್ತದ ಅಷ್ಟು ತಂಪು ತುಂಬ್ರಿ. ಆಮ್ಯಾಲೆ ಮಂಗಳವಾರದ ತನಕ ಬಾಗಿಲಾ ತಗೀಬಾರದು. ಕರೆಂಟ್ ಹೋದ್ರ ಕಾಯಿ ಕೆಡೂದಿಲ್ಲ. ಬಾಗಿಲಾ ತಗದ್ರ ಕೆಡ್ತಾವ."

ಅವರು ಗೋಡೆಯ ಕ್ಯಾಲೆಂಡರಿನಲ್ಲಿ ಸೋಮವಾರದ ಮೇಲೆ ಬೆರಳಿಟ್ಟರು. "ನಡುವ ಸೋಮವಾರ ಪ್ಯಾಟಿ ಐತಿ. ಕರೆಂಟ್ ಇಲ್ಲಂತ ಗೊತ್ತಾದ್ರ ಮಂದಿ ಓಡಿ ಬರ್ತೈತಿ, ನಂದು ನನಗ ಕೊಡು ಅಂತ. ಒಬ್ಬಗ ತಗದ್ರ ಎಲ್ಲಾರಿಗೂ ತಗೀಬೇಕು. ತಗೀಲಿಲ್ಲಂದ್ರ ಒಳಗ ಏನೋ ಕೆಟ್ಟೈತಿ ಅಂತಾರ. ಯಾರನ್ನ ಹೆಂಗ ತಡೀಲಿ?"

"ಖಂಡೆ ಪೂಜಿ ದಿನ ಹೆಂಗ ತಡೀತೀರಿ?"

"ಅವತ್ತ ಯಾರೂ ಬರೂದ ಇಲ್ರಿ. ಬಂದ್ರೂ ಪೂಜಿ ನೋಡಿ ಕೈ ಮುಗದು ಹೋಗತಾರ..." ಸಿದ್ದಲಿಂಗಪ್ಪ ಮಾತು ಅಲ್ಲಿಗೇ ನಿಲ್ಲಿಸಿ ಅವಳ ಮುಖ ನೋಡಿದರು.

ಬಾಗಿಲಲ್ಲಿ ನಿಂತಿದ್ದ ಕಾಸೀಮಸಾಬರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಯಾ ಅಲ್ಲಾ! ಮೇ ತಿಂಗಳದಾಗ ಖಂಡೆ ಪೂಜಿ! ಬನ್ನಿ ಎಲ್ಲಿಂದ ತರ್ತೀರಿ ಸಾವ್ಕಾರ?"

"ದೇವರೇನು ಕ್ಯಾಲೆಂಡರ್ ಹಿಡ್ಕೊಂಡು ಕುಂತಿರ್ತಾನೇನೋ? ಮಷಿನ್‌ಗೆ ಸೂಟಿ ಸಿಕ್ಕ ದಿನ ಖಂಡೆ ಪೂಜಿ."

"ಆದ್ರ ಸುಳ್ಳು ಹೇಳೂದು ಬ್ಯಾಡ್ರಿ," ಎಂದಳು ಮೃಣಾಲಿನಿ.

"ಸುಳ್ಳ್ಯಾಕ ಹೇಳ್ಲಿ? ಕರೆಂಟ್ ಇಲ್ಲ ಅಂತ ಎದಿ ತಟ್ಟಿ ಹೇಳ್ತೇನಿ. ಪೂಜಿನೂ ಎದಿ ತಟ್ಟೇ ಮಾಡ್ತೇನಿ."

ರವಿವಾರ ಕರೆಂಟು ಹೋದಾಗ ಕಂಪ್ರೆಸರುಗಳು ಒಂದರ ಹಿಂದೊಂದು ನಿಂತವು. ಹಗಲು ರಾತ್ರಿಯ ಗುಂಯ್‌ಗುಡುವಿಕೆ ನಿಂತಾಗ ಬೇವಿನ ಮರದ ಗುಬ್ಬಿಗಳ ಸದ್ದು ಕೇಳಿಸಿತು. ಕಾಸೀಮಸಾಬರು ಯಂತ್ರಗಳ ಮೈ ತೊಳೆಸಿದರು. ಸಿದ್ದಲಿಂಗಪ್ಪ ಮಡಿಯುಟ್ಟು ಯಂತ್ರಕ್ಕೂ, ದೊಡ್ಡ ಬಾಗಿಲಿಗೂ, ಬಾಗಿಲ ಬೀಗಕ್ಕೂ ವಿಭೂತಿ ಹಚ್ಚಿದರು. ಚೆಂಡು ಹೂವು ಸಿಗದೆ ಸೇವಂತಿಗೆ ತಂದಿದ್ದರು. ಹೊಸ್ತಿಲ ಮುಂದೆ ಎಣ್ಣೆಯ ದೀಪ ಹಚ್ಚಿಟ್ಟರು, ಬಾಗಿಲು ತೆಗೆಯುವ ತನಕ ಅದು ಆರಬಾರದೆಂದು.

ಬಾಗಿಲ ಪಕ್ಕದ ಗೋಡೆಯಲ್ಲಿ ಒಳಗಿನ ತಾಪಮಾನ ತೋರಿಸುವ ಚಿಕ್ಕ ಪೆಟ್ಟಿಗೆ ಇತ್ತು. ಅದು ಬ್ಯಾಟರಿಯ ಮೇಲೆ ನಡೆಯುತ್ತದೆ. ಕೆಂಪು ಅಂಕಿ ನಾಲ್ಕು ಎನ್ನುತ್ತಿತ್ತು.

ಸೋಮವಾರ ಸಿದ್ದಲಿಂಗಪ್ಪ ಹೇಳಿದಂತೆಯೇ ಆಯಿತು. ಪೇಟೆಗೆ ಬಂದ ಮಂದಿ ಅರ್ಧ ಇಲ್ಲಿಗೆ ಬಂತು. ಕೆಲವರು ಪೂಜೆ ನೋಡಿ ಬೆಪ್ಪಾದರು, ಕೈ ಮುಗಿದು, ಪ್ರಸಾದ ತಿಂದು, ಬೇವಿನ ನೆರಳಿಗೆ ಹೋಗಿ ಕೂತರು. ಒಬ್ಬಾಕೆ ಮಾತ್ರ ಪ್ರಸಾದ ಬಾಯಿಗೆ ಹಾಕಿಕೊಂಡು ಅಲ್ಲೇ ನಿಂತಳು. ಮೇಡ್ಲೇರಿಯ ಪ್ರೇಮವ್ವ. ತುಂಗಭದ್ರೆಯ ನೀರಿಗೆ ಬೆಳೆದ ಅವಳ ಕಾಯಿಗೆ ಈ ವರ್ಷ ಎಂಥ ಬಣ್ಣ ಬಂದಿತ್ತೆಂದರೆ, ಪೇಟೆಯ ದಲಾಲರು ಬಂದು ನಿಂತು ನೋಡಿದ್ದರು. ಮಳೆಗಾಲ ಕಳೆದ ಮೇಲೆ ಮಾರಬೇಕೆಂದು ಅಷ್ಟನ್ನೂ ಒಳಗಿಟ್ಟಿದ್ದಳು.

"ಸಾವ್ಕಾರ, ಒಂದು ಸಲ ತಗೀರಿ. ಚೀಲದಾಗ ಕೈ ಹಾಕಿ ನೋಡ್ತೇನಿ, ಹೋಗ್ತೇನಿ."

"ಪೂಜಿ ಆಗೇತಲ್ಲ ಪ್ರೇಮವ್ವಾ."

"ದಸರಾ ಎಲ್ಲೈತಿ, ನೀವೆಲ್ಲದೀರಿ! ನನಗ ಬುದ್ಧಿ ಇಲ್ಲಂತ ತಿಳದೀರೇನು? ಕರೆಂಟ್ ಇಲ್ಲದ್ದಕ್ಕ ಈಬತ್ತಿ ಹಚ್ಚೀರಿ."

ಸಿದ್ದಲಿಂಗಪ್ಪ ತಲೆ ಕೆರೆದುಕೊಂಡು ಮೃಣಾಲಿನಿಯ ಕಡೆ ನೋಡಿದರು. ಅವಳು ಲ್ಯಾಪ್‌ಟಾಪು ತಂದು ಪ್ರೇಮವ್ವನಿಗೆ ಗೆರೆ ತೋರಿಸಿದಳು. "ನೋಡ್ರಿ, ನಾಳೆ ಸಂಜಿತನಕ ಹಿಂಗೇ ತಂಪು ಇರ್ತದ."

"ಯವ್ವಾ ತಂಗಿ, ಗೆರಿ ತಂಪಿದ್ರ ನನಗೇನ ಬಂತು? ಕಾಯಿ ತಂಪಿರಬೇಕು."

ಸುತ್ತ ನಿಂತವರು ನಕ್ಕರು. ಮೃಣಾಲಿನಿ ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡಳು. ಹಮಾಲರ ಪಾಳಿ ಬರೆಯುವ ಕರಿ ಹಲಗೆ ಅಲ್ಲೇ ಗೋಡೆಗಿತ್ತು. ಅದನ್ನು ಒರೆಸಿ, ಸುಣ್ಣದ ಕಡ್ಡಿ ಹಿಡಿದು ಬರೆಯತೊಡಗಿದಳು. ಚಹಾದ ಹೊತ್ತಿಗೆ ಪೆಟ್ಟಿಗೆ ಎಷ್ಟು ತೋರಿಸುತ್ತದೆ, ದನ ಮನೆಗೆ ಬರುವ ಹೊತ್ತಿಗೆ ಎಷ್ಟು, ನಾಳೆ ಕೋಳಿ ಕೂಗುವಾಗ ಎಷ್ಟು, ನಾಳೆ ನಡುಹೊತ್ತಿಗೆ ಎಷ್ಟು. ಮಂಗಳವಾರ ಸಂಜೆಯ ತನಕ ಎಲ್ಲವನ್ನೂ ಮುಂಚಿತವಾಗಿ ಬರೆದಿಟ್ಟಳು.

"ಇದಕ್ಕಿಂತ ಒಂದೇ ಒಂದು ಡಿಗ್ರಿ ಹೆಚ್ಚು ತೋರಿಸಿದ್ರ ನಾನೇ ನಿಂತು ಬಾಗಿಲಾ ತಗಸ್ತೀನಿ."

"ಮಾತ ಕೊಟ್ಟೀ?"

"ಕೊಟ್ಟೆ."

ಪ್ರೇಮವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊಸ್ತಿಲ ಪಕ್ಕ ಕೂತುಬಿಟ್ಟಳು. "ನಾಳೆ ತನಕ ನಾ ಇಲ್ಲೇ. ದೀಪಕ್ಕ ಎಣ್ಣಿ ಹಾಕೂ ಕೆಲಸ ನಂದು."

ಚಹಾದ ಹೊತ್ತಿಗೆ ಪೆಟ್ಟಿಗೆಯ ಅಂಕಿ ಹಲಗೆಯ ಅಂಕಿಗೆ ಬಂತು. ಯಾರೂ ದೊಡ್ಡದಾಗಿ ತಲೆ ಕೆಡಿಸಿಕೊಳ್ಳಲಿಲ್ಲ. ಸಂಜೆ ಮತ್ತೆ ಬಂತು. ಆಗ ಬೇವಿನ ನೆರಳಲ್ಲಿದ್ದವರು ಎದ್ದು ಹತ್ತಿರ ಬಂದರು. ಮಂಗಳವಾರ ಬೆಳಿಗ್ಗೆ ಊರಿಗೆ ಹೋಗಿದ್ದವರೂ ಬರೀ ಅದನ್ನು ನೋಡಲು ತಿರುಗಿ ಬಂದಿದ್ದರು. ಹಲಗೆಯ ಮೇಲೆ ನಿನ್ನೆ ಬರೆದದ್ದು, ಪೆಟ್ಟಿಗೆಯಲ್ಲಿ ಇಂದು ಮೂಡಿದ್ದು, ಒಂದೇ.

"ಅಕ್ಕಾರ, ಓಸಿ ಮಟಕಾ ನಂಬರೂ ಹಿಂಗs ಹೇಳಿದ್ರ ನಾವು ಉದ್ಧಾರ ಆಗ್ತಿದ್ವಿ ನೋಡ್ರಿ," ಎಂದ ವಿಜಯಮಹಾಂತೇಶ. ಅವನು ಪೇಟೆಯ ದಲಾಲ. ಅವನ ಚೀಲಗಳೂ ಒಳಗಿದ್ದವು.

"ಸುಮ್ನಿರೋ. ಕಾಯಿ ಒಳಗಿಂದ ಆಕಿಗೆ ಹೇಳಾಕತ್ತಾವ," ಎಂದಳು ಪ್ರೇಮವ್ವ. ಅವಳ ದನಿಯಲ್ಲಿ ನಗು ಇರಲಿಲ್ಲ.

ನಡುಹೊತ್ತಿಗೆ ಪಡುವಣದಿಂದ ಗಾಳಿ ಎದ್ದಿತು. ಧೂಳು, ಒಣಗಿದ ಬೇವಿನೆಲೆ. ದೀಪ ಆರೀತೆಂದು ಪ್ರೇಮವ್ವ ಅಡ್ಡ ಸೆರಗು ಹಿಡಿದಳು. ಸ್ವಲ್ಪ ಹೊತ್ತಿಗೆ ಯಾರೋ ಕೂಗಿದರು:

"ನಂಬರ್ ತಪ್ಪಿತ್ರೋ!"

ಪೆಟ್ಟಿಗೆಯಲ್ಲಿ ಒಂಬತ್ತು. ಹಲಗೆಯಲ್ಲಿ ಆರು.

ಮಂದಿ ಎದ್ದು ನಿಂತಿತು. ವಿಜಯಮಹಾಂತೇಶ ಈಗ ತಮಾಷೆ ಮಾಡಲಿಲ್ಲ. "ಅಕ್ಕಾರ, ಮಾತಂದ್ರ ಮಾತು. ತಗಸ್ರಿ."

ಸಿದ್ದಲಿಂಗಪ್ಪ ಬೀಗದ ಕೈ ಹಿಡಿದು ನಿಂತಿದ್ದರು. ಮುಖದಲ್ಲಿ ರಕ್ತವಿರಲಿಲ್ಲ. ಬಾಗಿಲು ತೆರೆದರೆ ಈ ಗಾಳಿ, ಈ ಧಗೆ, ಇಷ್ಟು ಮಂದಿ, ಎಲ್ಲ ಒಳಗೆ. ಮೃಣಾಲಿನಿಗೆ ಭಯವಾಯಿತು. ಭಯ ಹೀಗಿರುತ್ತದೆ ಎಂಬುದು ಅವಳಿಗೆ ಮರೆತೇ ಹೋಗಿತ್ತು. ಮಾತು ಕೊಟ್ಟಾಗಿತ್ತು. ಕೀಲಿಗೆ ಕೈ ಚಾಚಿದಳು. ಚಾಚಿದ ಕೈ ಅಲ್ಲೇ ನಿಂತಿತು.

"ಒಂದು ನಿಮಿಷ ತಡೀರಿ. ಈಗ ಸ್ವಲ್ಪ ಹೊತ್ತಿನ ಮುಂಚೆ ಎಷ್ಟಿತ್ತು?"

"ಆರು ಇತ್ತು. ನಾನs ನೋಡೇನಿ," ಎಂದರು ಕಾಸೀಮಸಾಬರು.

"ಒಳಗಿರೋದು ಗುಡ್ಡದಷ್ಟು ಕಾಯಿ. ಗುಡ್ಡ ಜಿಗೀತದೇನ್ರಿ? ಮೆಲ್ಲಕ ಸರೀಬೇಕು. ಹಿಂಗ ಒಮ್ಮಿಗೇ ಜಿಗಿಯೂದು ಗುಡ್ಡ ಅಲ್ಲ, ಯಾವುದೋ ಸಣ್ಣದು."

ಅವಳು ಸಣ್ಣದನ್ನು ಹುಡುಕಿದಳು. ಪೆಟ್ಟಿಗೆ, ಪೆಟ್ಟಿಗೆಯ ತಳದಲ್ಲಿ ತಂತಿ ಸೇರುವ ಜಾಗ, ಅದರ ಕೆಳಗೆ ಗೋಡೆಯ ಚಿಕ್ಕ ಕಟ್ಟೆ. ಕಟ್ಟೆಯ ಮೇಲೆ, ಗಾಳಿಗೆ ಮರೆಯಾಗಿ, ಪೆಟ್ಟಿಗೆಗೆ ಒತ್ತಿಕೊಂಡೇ ದೀಪ ನೆಟ್ಟಗೆ ಉರಿಯುತ್ತಿತ್ತು.

"ಪ್ರೇಮವ್ವಾರ," ಎಂದಳು ಮೆಲ್ಲಗೆ, "ದೀಪಾ ಆರಬಾರದಂತ ನೀವು ಒಳ್ಳೇ ಜಾಗ ಹುಡಿಕೀರಿ. ಸ್ವಲ್ಪ ಈಚೆ ತಗೀರಿ."

ಪ್ರೇಮವ್ವ ಎರಡೂ ಕೈಯಲ್ಲಿ ದೀಪ ಎತ್ತಿಕೊಂಡಳು. ಸೆರಗಿನ ಮರೆಯಲ್ಲಿ ಅದನ್ನು ಹಿಡಿದು ನಿಂತಳು. ಎಲ್ಲರೂ ಪೆಟ್ಟಿಗೆ ನೋಡುತ್ತಿದ್ದರು. ಅಂಕಿ ಸ್ವಲ್ಪ ಹೊತ್ತು ಹಟ ಹಿಡಿಯಿತು. ಆಮೇಲೆ ಎಂಟಾಯಿತು. ಏಳಾಯಿತು. ಕಡೆಗೆ ಆರಕ್ಕೆ ಬಂದು, ಹಲಗೆಯ ಮೇಲಿನ ಸುಣ್ಣದ ಆರಕ್ಕೆ ಸರಿಯಾಗಿ ನಿಂತಿತು.

ಗಾಳಿ ಇನ್ನೂ ಬೀಸುತ್ತಿತ್ತು. ಒಬ್ಬ ಮುದುಕ ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ. ಬಾಗಿಲಿಗೋ, ಹಲಗೆಗೋ, ಯಾವುದಕ್ಕೆಂದು ಅವನಿಗೂ ಗೊತ್ತಿದ್ದಂತಿರಲಿಲ್ಲ.

ಸಿದ್ದಲಿಂಗಪ್ಪ ಕೀಲಿಯನ್ನು ಉಡಿಗೆ ಸೇರಿಸಿದರು. "ಅಕ್ಕಾರ, ಇನ್ನ ನಾ ಅದಕ್ಕ ಡುಪ್ಲಿಕೇಟು ಅನ್ನೂದಿಲ್ರಿ."

ಸಂಜೆ ಕರೆಂಟು ಬಂತು. ಕಂಪ್ರೆಸರುಗಳು ಕೆಮ್ಮಿ, ಕೆರಳಿ, ಮತ್ತೆ ತಮ್ಮ ಹಳೆಯ ರಾಗ ಹಿಡಿದವು. ತಂಪು ಹದಕ್ಕೆ ಬರುವ ತನಕ ಕಾದು, ಸಿದ್ದಲಿಂಗಪ್ಪ ಬೀಗಕ್ಕೆ ಕೈ ಮುಗಿದು ತೆರೆದರು. ಒಳಗೆ ಬಿಟ್ಟದ್ದು ಪ್ರೇಮವ್ವನನ್ನೂ ಮೃಣಾಲಿನಿಯನ್ನೂ ಮಾತ್ರ. ಹಿಂದಿನಿಂದ ಬಾಗಿಲು ಮುಚ್ಚಿಕೊಂಡಿತು.

ಒಳಗೆ ಒಂದೇ ದೀಪ. ಅದರ ಬೆಳಕು ಮುಟ್ಟದ ಎತ್ತರದವರೆಗೆ ಚೀಲದ ಮೇಲೆ ಚೀಲ. ಮೃಣಾಲಿನಿ ಇದನ್ನು ಎಷ್ಟೋ ಸಲ ನೋಡಿದ್ದಳು. ಈಗ ಮೊದಲ ಸಲ ನೋಡಿದಂತೆ ನಿಂತಳು. ಮಾಘದ ಬಿಸಿಲಲ್ಲಿ ಒಣಗಿದ ಕಾಯಿ, ನದಿಯ ನೀರು ಕುಡಿದ ಕಾಯಿ, ನೂರಾರು ಹೊಲದ್ದು. ಹೊರಗೆ ಎಲ್ಲರೂ ಭಯದಲ್ಲಿ ಬೇಯುತ್ತಿದ್ದಾಗ ಇವು ಕತ್ತಲೆಯಲ್ಲಿ ತಮ್ಮ ತಂಪನ್ನು ಒಂದಕ್ಕೊಂದು ಒತ್ತಿಕೊಂಡು ಕಾಯ್ದಿದ್ದವು. ಯಾರೂ ಹೇಳಿರಲಿಲ್ಲ. ಕರೆಂಟು ಹೋಗಿದ್ದು ಅವುಗಳಿಗೆ ಗೊತ್ತೇ ಆಗಿರಲಿಲ್ಲವೇನೋ.

ಪ್ರೇಮವ್ವ ತನ್ನ ಚೀಲ ಹುಡುಕಿ, ಹೊಲಿಗೆ ಬಿಚ್ಚಿ, ಮೊಣಕೈತನಕ ಕೈ ಇಳಿಸಿದಳು. ಕಣ್ಣು ಮುಚ್ಚಿಕೊಂಡಳು. ಆಳದಿಂದ ಒಂದು ಹಿಡಿ ತೆಗೆದು ಬೆಳಕಿಗೆ ಹಿಡಿದಳು. ಸುಕ್ಕುಸುಕ್ಕಾದ ಕಡು ಕೆಂಪು, ಒಂದು ಕಲೆಯಿಲ್ಲ. ಆ ಹಿಡಿಯನ್ನು ಮೃಣಾಲಿನಿಯ ಎರಡೂ ಕೈಗೆ ಸುರಿದಳು.

"ಹಿಡಿ ತಂಗಿ. ಇದs ನಿನ್ನ ಮಾದರಿ."

ಕಾಯಿ ಬಾವಿಯ ನೀರಿನಷ್ಟು ತಣ್ಣಗಿದ್ದವು. ಅವಳು ಕೈಯನ್ನು ಮುಖದ ತನಕ ಎತ್ತಿದಳು. ಮೂಗಿನ ತುದಿ ಚುರುಗುಟ್ಟಿತು. ಮೂಗಿನೊಳಗೆ, ಗಂಟಲೊಳಗೆ, ಇನ್ನೂ ಒಳಗೆ ಎಲ್ಲಿಯೋ ಏನೋ ಏಳುತ್ತ ಬಂತು. ತಡೆಯಲಾಗಲಿಲ್ಲ. ಅವಳು ಸೀನಿದಳು. ಚೀಲಗಳ ನಡುವೆ ಆ ಸದ್ದು ಹೋಗಿ ಬಂತು. ಮತ್ತೆ ಸೀನಿದಳು. ಮತ್ತೆ. ಕಣ್ಣಲ್ಲಿ ನೀರು ಇಳಿಯಿತು, ಇಳಿಯುತ್ತಲೇ ಇತ್ತು. ಸೀನು ನಿಂತ ಮೇಲೂ ಅದು ನಿಲ್ಲಲಿಲ್ಲ.

ಪ್ರೇಮವ್ವ, ಸೀನಿದ ಕೂಸಿಗೆ ಹೇಳುವ ಹಾಗೆ ಅವಳ ನೆತ್ತಿಯ ಮೇಲೆ ಕೈಯಿಟ್ಟು ಹೇಳಿದಳು:

"ನೂರು ವರ್ಷ ಬಾಳವ್ವಾ."